ನಲವತ್ತೊಂದು ಕೈಗಳು

ಸೋಮವಾರ ಬೆಳಿಗ್ಗೆ ಆರೂಮುಕ್ಕಾಲಕ್ಕೆ ಕಲ್ಮೇಶನ ಬಲಗೈಯಿಂದ ಚಹಾದ ಕಪ್ಪು ಜಾರಿ ನೆಲಕ್ಕೆ ಬಿದ್ದು ಚೂರಾಯಿತು. ಅವನು ಕೈಯನ್ನು ಎಡಗೈಯಿಂದ ಎತ್ತಿ ತಿರುಗಿಸಿ ನೋಡಿಕೊಂಡ. ಕೈಗವಸಿನ ಮಣಿಕಟ್ಟಿನಲ್ಲಿ ದಿನವೂ ಉರಿಯುತ್ತಿದ್ದ ಹಸಿರು ದೀಪ ಇವತ್ತು ಆರಿತ್ತು.

"ಇಂದೂ, ನಿಮ್ಮ ಆಫೀಸು ಇನ್ನೂ ಎದ್ದಿಲ್ಲೇನು?" ಎಂದು ಒಳಗೆ ಕೂಗಿದ.

ಹೆರಳು ಹಾಕಿಕೊಳ್ಳುತ್ತಿದ್ದ ಇಂದುಮತಿ ಬಾಚಣಿಗೆ ಹಿಡಿದುಕೊಂಡೇ ಹೊರಗೆ ಬಂದಳು. ಮೊದಲು ಗಂಡನ ಕೈ ನೋಡಿದಳು, ಆಮೇಲೆ ಚಾರ್ಜಿಗೆ ಹಾಕಿದ್ದ ತನ್ನ ಫೋನು. ಸದ್ದು ಅಡಗಿಸಿಟ್ಟಿದ್ದ ಫೋನಿನಲ್ಲಿ ಹದಿನಾಲ್ಕು ಕರೆ ಬಂದು ಹೋಗಿದ್ದವು. ಹದಿನಾಲ್ಕೂ ಅವಳು ಕೆಲಸ ಮಾಡುವ ಹಸ್ತ ಕೇಂದ್ರದವು.

ಐದು ವರ್ಷದ ಹಿಂದೆ ಲಕ್ವಾ ಹೊಡೆದು ಕಲ್ಮೇಶನ ಬಲಗೈ ಬಿದ್ದುಹೋಗಿತ್ತು. ಅವನು ಬೋರ್ಡ್ ಪೇಂಟರ್. ಹುಬ್ಬಳ್ಳಿಯ ಅರ್ಧ ಅಂಗಡಿಗಳ ಹೆಸರು ಅವನ ಕುಂಚದಿಂದ ಬಂದವು. ಅಂಥವನ ಕೈ ತೊಡೆಯ ಮೇಲೆ ಒಣಗಿದ ಹೀರೇಕಾಯಿಯಂತೆ ಬಿದ್ದಿರುತ್ತಿದ್ದ ಆ ಒಂದು ವರ್ಷವನ್ನು ಇಬ್ಬರೂ ನೆನೆಯುತ್ತಿರಲಿಲ್ಲ. ಆಮೇಲೆ ಕೈಗವಸು ಬಂತು. ತೆಳ್ಳನೆಯ ಬಟ್ಟೆ, ಅದರೊಳಗೆ ನೂಲಿನಷ್ಟು ಸಣ್ಣ ಎಳೆಗಳು. ಭುಜಕ್ಕೆ ಕಟ್ಟಿದ ಪಟ್ಟಿಯೊಂದು ನರಗಳಲ್ಲಿ ಉಳಿದಿದ್ದ ಕ್ಷೀಣ ಸಂಕೇತವನ್ನು ಹಿಡಿಯುತ್ತಿತ್ತು. ಎಳೆಗಳು ಬಿಗಿದು, ಸಡಿಲಾಗಿ ಬೆರಳುಗಳನ್ನು ಆಡಿಸುತ್ತಿದ್ದವು. ಆದರೆ ಯಾವ ಸಂಕೇತಕ್ಕೆ ಯಾವ ಬೆರಳು ಎಷ್ಟು ಬಾಗಬೇಕು ಎಂಬುದು ಒಬ್ಬೊಬ್ಬರಿಗೆ ಒಂದೊಂದು ರೀತಿ. ತಿಂಗಳುಗಟ್ಟಲೆ ತಪ್ಪು ಮಾಡಿ ತಿದ್ದಿಕೊಂಡು ಕೈಗವಸು ಅದನ್ನು ಕಲಿಯಬೇಕಿತ್ತು. ಹಾಗೆ ಕಲಿತದ್ದನ್ನೆಲ್ಲ ಬರೆದಿಟ್ಟ ಕಡತಕ್ಕೆ ಕೇಂದ್ರದವರು 'ಚಳಕ' ಎಂದು ಹೆಸರಿಟ್ಟಿದ್ದರು. ಪ್ರತಿ ಸಂಜೆ ಕೈಗವಸು ಆ ದಿನದ ಕಲಿಕೆಯನ್ನು ಕೇಂದ್ರದ ಸರ್ವರಿಗೆ ಕಳಿಸುತ್ತಿತ್ತು. ಸರ್ವರು ಲೆಕ್ಕ ಹಾಕಿ, ತಿದ್ದಿ, ಬೆಳಗಾಗುವಷ್ಟರಲ್ಲಿ ಹೊಸ ಚಳಕವನ್ನು ವಾಪಸು ಕಳಿಸುತ್ತಿತ್ತು. ಪುಟ್ಟ ನೆನಪುಶಕ್ತಿಯ ಕೈಗವಸು ಹಳೆಯದನ್ನು ಅಳಿಸಿದ ಮೇಲೆಯೇ ಹೊಸದನ್ನು ಕೇಳುತ್ತಿತ್ತು.

ಆ ಸೋಮವಾರ ಜಿಲ್ಲೆಯಲ್ಲಿ ಸಾವಿರದ ನೂರಾ ಇಪ್ಪತ್ತೊಂದು ಕೈಗವಸುಗಳು ಹಳೆಯದನ್ನು ಅಳಿಸಿ, ಹೊಸದನ್ನು ಕೇಳಿ, ಏನೂ ಸಿಗದೆ ಸುಮ್ಮನಾಗಿದ್ದವು.

*

ಕೇಂದ್ರದ ಸರ್ವರು ಕೋಣೆಯಲ್ಲಿ ಚಳಿ ಎಂದಿನಷ್ಟೇ ಇತ್ತು. ಸರ್ವರುಗಳನ್ನು ನೋಡಿಕೊಳ್ಳುತ್ತಿದ್ದವಳು ಇಂದುಮತಿ ಒಬ್ಬಳೇ. ಹನ್ನೊಂದು ಲಿನಕ್ಸ್ ಯಂತ್ರಗಳು, ಅವುಗಳ ಹಿಂದೆ ದೊಡ್ಡ ಸಂಗ್ರಹಪೆಟ್ಟಿಗೆ, ಮೂಲೆಯಲ್ಲಿ ದಿನದಿನದ ನಕಲು ತೆಗೆದಿಡುವ ಬ್ಯಾಕಪ್ ಟೇಪುಗಳ ಕಪಾಟು. ಅರ್ಧ ಗಂಟೆಯಲ್ಲಿ ಅವಳಿಗೆ ರೋಗ ಗೊತ್ತಾಯಿತು. ಸಂಗ್ರಹಪೆಟ್ಟಿಗೆಯ ನಿಯಂತ್ರಕ ಭಾನುವಾರ ಕೆಟ್ಟು, ಸುಮ್ಮನೆ ನಿಲ್ಲುವ ಬದಲು ಚಳಕಗಳ ಮೇಲೆಲ್ಲ ಕಸ ಬರೆದು ಹಾಕಿತ್ತು.

"ಬ್ಯಾಕಪ್ ಅದ ಅಲ್ಲ?" ಎಂದರು ನಿರ್ದೇಶಕ ಡಾ. ವಾಮನ ಗಲಗಲಿ, ಬಾಗಿಲಲ್ಲೇ ನಿಂತು. ಅವರಿಗೆ ಈ ಕೋಣೆಯ ಚಳಿ ಆಗುತ್ತಿರಲಿಲ್ಲ.

"ಐತಿ ಸರ್. ದಿನಾ ಸಂಜಿಗೆ ಆಗತೈತಿ."

"ಮತ್ತ ಯಾಕ ಮಾರಿ ಸಣ್ಣ ಮಾಡೀರಿ? ದಿನಾ ಮುಂಜಾನೆ ನನಗ ಹಸಿರು ಟಿಕ್ ಬರ್ತದ. ನೂರಕ್ಕ ನೂರು ಯಶಸ್ವಿ ಅಂತ. ವಾಪಸ್ ಹಾಕ್ರಿ, ಮಧ್ಯಾಹ್ನದೊಳಗ ಮುಗೀತದ."

ಬ್ಯಾಕಪ್ ತೆಗೆಯುವುದು ಬೇರೆ, ಅದನ್ನು ಮರಳಿ ಹಾಕಿ ನೋಡುವುದು ಬೇರೆ, ವರ್ಷಕ್ಕೆ ಒಂದು ಸಲವಾದರೂ ಹಾಕಿ ನೋಡೋಣ, ಒಂದು ಹೆಚ್ಚುವರಿ ಯಂತ್ರ ಕೊಡಿ ಎಂದು ಇಂದುಮತಿ ಮೂರು ಪತ್ರ ಬರೆದಿದ್ದಳು. ಮೂರಕ್ಕೂ 'ಸದ್ಯಕ್ಕೆ ಅಗತ್ಯ ಕಂಡುಬರುವುದಿಲ್ಲ' ಎಂಬ ಉತ್ತರ ಬಂದಿತ್ತು.

ಹತ್ತು ಗಂಟೆಗೆ ಅವಳು ಮರುಸ್ಥಾಪನೆಯ ಆದೇಶ ಕೊಟ್ಟಳು. ತಂತ್ರಾಂಶ ಒಂದು ನಿಮಿಷ ಯೋಚಿಸಿ, 'ಏಜೆಂಟ್ ಆವೃತ್ತಿ ಹೊಂದುತ್ತಿಲ್ಲ' ಎಂದಿತು. ಯಂತ್ರಗಳ ಲಿನಕ್ಸನ್ನು ಹೋದ ವರ್ಷ ಹೊಸದು ಮಾಡಿದ್ದರು. ಅವುಗಳೊಳಗೆ ಕೂತು ಕಡತಗಳನ್ನು ಟೇಪಿಗೆ ಸಾಗಿಸುವ ಪುಟ್ಟ ತಂತ್ರಾಂಶ, ಬ್ಯಾಕಪ್ ಏಜೆಂಟು, ಹಳೆಯದೇ ಉಳಿದಿತ್ತು. ಆ ಹಳೆಯ ಏಜೆಂಟಿಗೆ ತೆಗೆದುಕೊಳ್ಳಲು ಬರುತ್ತಿತ್ತು, ಕೊಡಲು ಬರುತ್ತಿರಲಿಲ್ಲ. ಬ್ಯಾಕಪ್ ತಂತ್ರಾಂಶದ ಕಂಪನಿಯ ಸಹಾಯವಾಣಿಗೆ ಫೋನು ಮಾಡಿದಳು. ಯಂತ್ರ ತಾನು ಮಾಡಿದ್ದನ್ನೆಲ್ಲ ಬರೆದಿಟ್ಟ ಲಾಗ್ ಕಳಿಸಿ ಎಂದರು, ಕಳಿಸಿದಳು. ನಾಲ್ಕು ತಾಸಿನ ಮೇಲೆ ಪಾಳಿ ಬದಲಾಗಿ ಬಂದ ಇನ್ನೊಬ್ಬ, ಬಹಳ ಮರ್ಯಾದೆಯಿಂದ, ದಯವಿಟ್ಟು ಲಾಗ್ ಕಳಿಸಿ ಎಂದ.

"ಕಳಿಸೀನ್ರಿ. ನಿಮ್ಮ ಹಿಂದಿನವರಿಗೆ ಕಳಿಸೀನಿ."

ಹೊಸದಾಗಿ ತೆಗೆದ ಲಾಗ್ ಬೇಕಾಗುತ್ತದೆ ಎಂದ ಅವನು. ಮತ್ತೆ ಕಳಿಸಿದಳು. ಮಂಗಳವಾರ ಬೆಳಿಗ್ಗೆ ಮೂರನೆಯವನು ಬಂದ. ಯಂತ್ರವನ್ನು ಒಮ್ಮೆ ಆರಿಸಿ ಹಚ್ಚಿ ನೋಡಿದ್ದೀರಾ ಎಂದು ಕೇಳಿದ. ಇಂದುಮತಿ ಫೋನನ್ನು ಮೇಜಿನ ಮೇಲೆ ಮೆಲ್ಲಗೆ ಬೋರಲು ಹಾಕಿ, ಹೊರಗೆ ಹೋಗಿ, ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದಳು.

ಅಷ್ಟರಲ್ಲಿ ಕೇಂದ್ರದ ಅಂಗಳ ತುಂಬಿತ್ತು. ಗುಂಡಿ ಹಾಕದ ಅಂಗಿ ತೊಟ್ಟವರು, ಮಗಳ ಕೈಯಿಂದ ತಲೆ ಬಾಚಿಸಿಕೊಂಡು ಬಂದವರು. ಒಬ್ಬ ಹಿರಿಯರು ಕೈಗವಸನ್ನು ಕಳಚಿ, ಹಾವು ಕಚ್ಚಿದ ಕೈಯನ್ನು ಹಿಡಿದಂತೆ ಬಲಗೈಯನ್ನು ಎದೆಗೆ ಅವುಚಿಕೊಂಡು ಕೂತಿದ್ದರು. ಯಾರೂ ಕೂಗಾಡುತ್ತಿರಲಿಲ್ಲ. ಒಳಗೆ ಹೋಗುವಾಗಲೂ ಬರುವಾಗಲೂ ಅವರ ಕಣ್ಣುಗಳು ಅವಳ ಬೆನ್ನಿಗೆ ಅಂಟಿಕೊಂಡೇ ಬರುತ್ತಿದ್ದವು.

*

ಏಜೆಂಟಿನ ಜಗಳ ಮಂಗಳವಾರ ಮಧ್ಯಾಹ್ನ ಮುಗಿಯಿತು. ಕಂಪನಿಯವರು ಹೊಸ ಏಜೆಂಟ್ ಕೊಟ್ಟರು. ಇಂದುಮತಿ ಮತ್ತೆ ಆದೇಶ ಕೊಟ್ಟಳು. ಈ ಸಲ ತಂತ್ರಾಂಶ ಬೇರೆ ಮಾತು ಆಡಿತು: 'ಸೂಚಿ ಸಿಗುತ್ತಿಲ್ಲ.'

ಟೇಪಿನ ಮೇಲೆ ಎಲ್ಲಿ ಏನಿದೆ, ಯಾವ ನಂಬರಿನ ಚಳಕ ಯಾರದು ಎಂಬುದನ್ನೆಲ್ಲ ಬರೆದಿಟ್ಟ ಕಡತವೇ ಸೂಚಿ. ಅದಿದ್ದದ್ದು ಅದೇ ಸಂಗ್ರಹಪೆಟ್ಟಿಗೆಯಲ್ಲಿ. ಅದರ ಮೇಲೂ ಕಸ ಬಿದ್ದಿತ್ತು. ಇರಲಿ, ಸೂಚಿಯ ಬ್ಯಾಕಪ್ಪೂ ಇರಬೇಕಲ್ಲ ಎಂದು ಹುಡುಕಿದಳು. ಇರಲಿಲ್ಲ. ಯಾಕಿಲ್ಲ ಎಂದು, ಬ್ಯಾಕಪ್ಪಿಗೆ ಸೂಚನೆಗಳನ್ನು ಬರೆದಿಟ್ಟ ಸಂರಚನಾ ಕಡತವನ್ನು ತೆರೆದಳು. ಮುನ್ನೂರು ಸಾಲಿನ ಕಡತ. ಇನ್ನೂರಾ ಹನ್ನೆರಡನೆಯ ಸಾಲಿನಲ್ಲಿ, ಇವೆರಡನ್ನು ಬಿಟ್ಟು ಉಳಿದದ್ದನ್ನು ನಕಲು ಮಾಡು ಎಂಬ ಸೂಚನೆಯಿತ್ತು. ಒಂದು, ಸೂಚಿಯ ಕಡತಕೋಶ. ಇನ್ನೊಂದು, 'ಪ್ರಯೋಗ' ಎಂಬ ಕಡತಕೋಶ.

ಮೇಲೆ ಟಿಪ್ಪಣಿ: 'ತಾತ್ಕಾಲಿಕ. ಒಂದು ವಾರದಲ್ಲಿ ತೆಗೆಯಬೇಕು. ಇಂ.'

ನಾಲ್ಕು ವರ್ಷದ ಹಿಂದಿನ ತಾರೀಖು.

ಅವಳಿಗೆ ಆ ದಿನ ನೆನಪಿತ್ತು. ಕೇಂದ್ರ ಕೆಲಸ ಶುರು ಮಾಡಿದ ಮೊದಲ ವಾರ. ಈ ಎರಡು ಕಡತಕೋಶಗಳು ನಿಮಿಷಕ್ಕೊಮ್ಮೆ ಬದಲಾಗುತ್ತಿದ್ದುದರಿಂದ ಬ್ಯಾಕಪ್ ನಡುವೆಯೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ಉದ್ಘಾಟನೆಗೆ ಮೊದಲು ಒಂದಾದರೂ ಹಸಿರು ಟಿಕ್ ತೋರಿಸಿ ಎಂದು ಗಲಗಲಿಯವರು ತಲೆ ಮೇಲೆ ಕೂತಿದ್ದರು. ಅವಳು ಈ ಸಾಲು ಬರೆದಳು. ಟಿಕ್ ಬಂತು. ಅಂದಿನಿಂದ ದಿನವೂ ಬಂತು. ತಂತ್ರಾಂಶ ಸುಳ್ಳು ಹೇಳಿರಲಿಲ್ಲ. ಮಾಡು ಎಂದದ್ದನ್ನೆಲ್ಲ ಅದು ಯಶಸ್ವಿಯಾಗಿಯೇ ಮಾಡಿತ್ತು.

'ಪ್ರಯೋಗ' ಕಡತಕೋಶದಲ್ಲಿದ್ದವರು ಕೈಗವಸು ತೊಟ್ಟ ಮೊದಲ ನಲವತ್ತೊಂದು ಜನ. ಮುಂದೆ ಅವರನ್ನು ಬೇರೆ ಕಡೆ ಸಾಗಿಸಬೇಕಿತ್ತು, ಯಾರೂ ಸಾಗಿಸಲಿಲ್ಲ. ಉಳಿದವರ ಚಳಕಗಳು ಟೇಪಿನಲ್ಲಿ ಹೆಸರಿಲ್ಲದೆಯಾದರೂ ಇದ್ದವು. ಈ ನಲವತ್ತೊಂದು ಎಲ್ಲಿಯೂ ಇರಲಿಲ್ಲ.

ಆ ಪಟ್ಟಿಯಲ್ಲಿ ಹದಿನೇಳನೆಯ ಹೆಸರು ಕಲ್ಮೇಶನದು. ಕೈ ಮುಗಿದು, ಕಾಡಿ ಬೇಡಿ ಆ ಮೊದಲ ತಂಡದಲ್ಲಿ ಅವನ ಹೆಸರು ಸೇರಿಸಿದವಳೂ ಅವಳೇ.

ಪರದೆಯ ಮುಂದೆ ಅವಳು ಎಷ್ಟು ಹೊತ್ತು ಕೂತಿದ್ದಳೋ. ಆ ಸಾಲನ್ನು ಅಳಿಸಲು ಒಂದು ಕೀಲಿ ಸಾಕಿತ್ತು. ಅವಳನ್ನು ಬಿಟ್ಟರೆ ಆ ಕಡತ ಓದಬಲ್ಲವರು ಆ ಕಟ್ಟಡದಲ್ಲಿ ಯಾರೂ ಇರಲಿಲ್ಲ. ಬೆರಳು ಕೀಲಿಯ ಹತ್ತಿರ ಹೋದದ್ದೂ ನಿಜ. ಕೊನೆಗೆ ಅವಳು ಆ ಕಡತದ ಒಂದು ನಕಲು ತೆಗೆದು, ಮುದ್ರಿಸಿ, ಮಡಚಿ ಚೀಲದಲ್ಲಿಟ್ಟುಕೊಂಡಳು.

*

ಕಲ್ಮೇಶ ಹಳೇ ಹುಬ್ಬಳ್ಳಿಯ ತನ್ನ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ. ಎದುರಿಗೆ ಅರ್ಧ ಬರೆದ ಬೋರ್ಡು: 'ಶ್ರೀ ಬನಶಂಕರಿ ಹಿಟ್ಟಿನ ಗಿ'. 'ಗಿರಣಿ'ಯ ಉಳಿದೆರಡು ಅಕ್ಷರಕ್ಕೆ ಕಾಯುತ್ತ ಗಿರಣಿಯವನು ಎರಡು ಸಲ ಬಂದು ಹೋಗಿದ್ದ.

ಹೆಂಡತಿ ಹಗಲಲ್ಲಿ ಅಂಗಡಿಗೆ ಬಂದದ್ದು ನೋಡಿ ಅವನು ಎದ್ದು ನಿಂತ. ಅವಳು ನಿಂತೇ ಎಲ್ಲ ಹೇಳಿದಳು, ಕಾಗದವನ್ನೂ ತೋರಿಸಿದಳು.

"ಒಂದ ಸಾಲಾ?"

"ಒಂದ ಸಾಲ್ರಿ."

"ನಾಕು ವರ್ಷ ಯಾರೂ ನೋಡಲಿಲ್ಲಾ?"

"ನಾನೂ ನೋಡಲಿಲ್ಲ. ಮರೆತೆ. ಹೊರಳಿ ಹಾಕಿ ನೋಡಿದ್ರ ಮೊದಲನೇ ದಿನಾನ ಗೊತ್ತಾಗ್ತಿತ್ತು. ಯಂತ್ರ ಕೊಡಲಿಲ್ಲ ಅಂತ ನಾನೂ ಬಿಟ್ಟೆ."

ಕಲ್ಮೇಶ ಬೋರ್ಡಿನ ಕಡೆ ತಿರುಗಿದ.

"ನಾ ಬೋರ್ಡ್ ಬರದ ಮ್ಯಾಲೆ ಏನ್ ಮಾಡ್ತೀನಿ ಗೊತ್ತೈತಿ? ರಸ್ತೆ ದಾಟಿ ಆಚಿ ಬಾಜೂ ನಿಂತು ಒಮ್ಮೆ ಓದ್ತೀನಿ. ನಾನ ಬರದದ್ದು, ನನಗೇನು ಓದಾಕ ಬರೂದಿಲ್ಲೇನು? ಆದ್ರೂ ಓದ್ತೀನಿ. ಇಷ್ಟು ಓದಿದವರು, ನೀವು ರಸ್ತೆ ದಾಟೂವಷ್ಟೂ ಮಾಡಲಿಲ್ಲಾ?"

ಅವಳು ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

"ಹೋಗು. ಅಲ್ಲಿ ಮಂದಿ ಕುಂತೈತಿ," ಎಂದು ಅವನು ಮುಖ ತಿರುಗಿಸಿದ. ಅವತ್ತು ಮನೆಯಲ್ಲಿ ಅವನು ಊಟಕ್ಕೆ ಏಳಲಿಲ್ಲ. ಎಡಗೈಯಿಂದ ಅಂಗಿಯ ಗುಂಡಿ ಬಿಚ್ಚಲು ಹೆಣಗುವಾಗ ಅವಳು ಹತ್ತಿರ ಹೋದರೆ ಪಕ್ಕಕ್ಕೆ ಸರಿದ.

*

ಬುಧವಾರದಿಂದ ಕೇಂದ್ರದ ವ್ಯಾಯಾಮದ ಸಭಾಂಗಣದಲ್ಲಿ ವಿಚಿತ್ರವಾದ ಸಂತೆ ಶುರುವಾಯಿತು. ಇಂದುಮತಿ ಬ್ಯಾಕಪ್ ತಂತ್ರಾಂಶದ ಹಂಗು ಬಿಟ್ಟು, ಲಿನಕ್ಸಿನ ಬರಿಯ ಆದೇಶಗಳಿಂದಲೇ ಟೇಪುಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿಸಿದ್ದಳು. ಸಾವಿರದ ತೊಂಬತ್ತೊಂಬತ್ತು ಚಳಕಗಳು ಹೊರಗೆ ಬಂದಿದ್ದವು. ಎಲ್ಲ ಗಟ್ಟಿಮುಟ್ಟಾಗಿಯೇ ಇದ್ದವು. ಯಾರದು ಯಾವುದು ಎಂಬುದು ಮಾತ್ರ ದೇವರಿಗೇ ಗೊತ್ತು.

ಅಂಗೈಯ ಅಳತೆ, ಬೆರಳಿನ ಉದ್ದ ಹೊಂದಿಸಿ ನೋಡಿದರೆ ಒಬ್ಬೊಬ್ಬರಿಗೆ ಎಂಟು ಹತ್ತು ಚಳಕಗಳು ಹೊಂದುತ್ತಿದ್ದವು. ಒಂದೊಂದನ್ನೇ ಕೈಗವಸಿಗೆ ಹಾಕಿ ತೊಡಿಸಿ ನೋಡುವುದೊಂದೇ ದಾರಿ. ಫಿಜಿಯೋಥೆರಪಿಸ್ಟ್ ಝರೀನಾ ಕಿತ್ತೂರ ಮೇಜುಗಳನ್ನು ಸಾಲಾಗಿ ಹಾಕಿಸಿ, ಜನರನ್ನು ಕೂರಿಸಿ, ಗಟ್ಟಿ ದನಿಯಲ್ಲಿ ಹೇಳಿದಳು:

"ಕೈ ಬ್ಯಾರೇ ಏನರ ಮಾಡಿದ್ರ ಹೆದರಬ್ಯಾಡ್ರಿ! ಅದು ನಿಮ್ಮದಲ್ಲ ಅಂತ ತಿಳಕೊಂಡು ಕೂಗ್ರಿ, ಸಾಕು!"

ನಿವೃತ್ತ ಪೋಸ್ಟ್ ಮಾಸ್ತರ ಗುರುಪಾದಪ್ಪನವರು ಪೆನ್ನು ಹಿಡಿಯಲು ಹೋದರು. ಅವರ ಕೈ ಪೆನ್ನನ್ನು ಬಿಸಾಕಿ, ಅಂಗೈ ಬಿಚ್ಚಿ, ಮೇಜನ್ನು ಪಟಪಟನೆ ಬಡಿಯತೊಡಗಿತು. ಎರಡು ಬಡಿತ, ಒಂದು ತಿರುವು. ಎರಡು ಬಡಿತ, ಒಂದು ತಿರುವು. ಮಾಸ್ತರರು ಕಂಗಾಲಾಗಿ ತಮ್ಮ ಕೈಯನ್ನೇ ನೋಡುತ್ತಿದ್ದರು. ಮೂರು ಮೇಜಿನಾಚೆ ಕೂತಿದ್ದ ಕುಂದಗೋಳದ ದ್ಯಾಮವ್ವ ಸೆರಗು ಸಿಕ್ಕಿಸಿಕೊಂಡು ಎದ್ದು ಬಂದಳು.

"ಏ ಯಪ್ಪಾ! ಅದು ನನ್ನ ರೊಟ್ಟಿ! ಬಿಡ್ರಿ ನನ್ನ ಕೈಯಿ!"

ಇಡೀ ಸಭಾಂಗಣ ನಕ್ಕಿತು. ಮೂರು ದಿನದಲ್ಲಿ ಮೊದಲ ಸಲ ಯಾರೋ ನಕ್ಕರು. ದ್ಯಾಮವ್ವ ತನ್ನ ಕೈ ಬಂದ ಮೇಲೆ ಮೇಜಿನ ಮೇಲೆ ಹಿಟ್ಟಿಲ್ಲದೆಯೇ ಎರಡು ರೊಟ್ಟಿ ತಟ್ಟಿ, ಕಣ್ಣೊರೆಸಿಕೊಂಡು ಹೋದಳು. ಮಾಸ್ತರರ ಕೈ ಸಿಕ್ಕದ್ದು ಗುರುವಾರ, ಏಳನೆಯ ಪ್ರಯತ್ನಕ್ಕೆ.

ಆದರೆ ಎಲ್ಲವೂ ಹಾಗೆ ನಗುವಿನಲ್ಲಿ ಮುಗಿಯುತ್ತಿರಲಿಲ್ಲ. ಒಬ್ಬ ತಾಯಿಯ ಕೈ ಎದುರಿಗಿದ್ದ ಮಗುವಿನ ಕೆನ್ನೆಗೆ ಹೊಡೆದುಬಿಟ್ಟಿತು. ಅದು ಯಾರ ಕೈಯೋ ಎಂದು ಎಲ್ಲರೂ ಅತ್ತಿತ್ತ ನೋಡಿದರು, ಯಾರೂ ನನ್ನದೆನ್ನಲಿಲ್ಲ. ಶುಕ್ರವಾರದ ಹೊತ್ತಿಗೆ ಸಾವಿರದ ಎಂಬತ್ತು ಕೈಗಳು ಮನೆ ಸೇರಿದ್ದವು. ಹತ್ತೊಂಬತ್ತು ಉಳಿದವು. ಅವುಗಳ ಒಡೆಯರು ತೀರಿಕೊಂಡಿದ್ದರು.

ಇತ್ತ ಆ ನಲವತ್ತೊಂದು ಜನರಲ್ಲಿ ಕಲ್ಮೇಶನೊಬ್ಬನನ್ನು ಬಿಟ್ಟು ಉಳಿದವರು ಇನ್ನೂ ಕಾಯುತ್ತಿದ್ದರು. ಟೇಪು ಇನ್ನೂ ಬರಬೇಕು ಎಂದು ಅವರಿಗೆ ಗಲಗಲಿಯವರು ಹೇಳಿಸಿದ್ದರು.

*

"ವರದಿ ಬರದು ತಂದೀನಿ, ಸಹಿ ಮಾಡ್ರಿ," ಎಂದರು ಗಲಗಲಿಯವರು. ವರದಿಯಲ್ಲಿ ಎರಡೇ ವಾಕ್ಯಗಳಿದ್ದವು: ದತ್ತಾಂಶ ನಷ್ಟಕ್ಕೆ ಬ್ಯಾಕಪ್ ತಂತ್ರಾಂಶದ ದೋಷವೇ ಕಾರಣ. ಕಂಪನಿಯ ಮೇಲೆ ಕ್ರಮ ಜರುಗಿಸಬೇಕು.

ಇಂದುಮತಿ ಚೀಲದಿಂದ ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಅವರು ಕನ್ನಡಕ ಸರಿಸಿ ಓದಿದರು, ಕೆಂಪಗಾದರು.

"ಇದನ್ನ ಯಾರಿಗರ ತೋರಿಸೀರೇನು?"

"ನಮ್ಮ ಮನಿಯವರಿಗೆ."

"ಕಂಪನಿಯವರ ಏಜೆಂಟ್ ಕೆಲಸ ಮಾಡಲಿಲ್ಲ, ಅದೂ ಖರೇ ಅದ ಅಲ್ಲ? ಅಷ್ಟ ಬರೀರಿ. ಸುಮ್ಮನ ಯಾಕ ಊರ ಮುಂದ ನಿಲ್ತೀರಿ? ನನ್ನನ್ನೂ ನಿಲ್ಲಸ್ತೀರಿ."

"ಸರ್, ಹೊರಗ ನಲವತ್ತು ಮಂದಿ ಅದಾರ. ಟೇಪ್ ಬರ್ತೈತಿ ಅಂತ ಕುಂತಾರ. ಬರೂದಿಲ್ಲ ಅಂತ ಹೇಳಬೇಕಲ್ಲ? ಎಷ್ಟು ದಿನ ಕಾಯ್ತಾರೋ ಅಷ್ಟು ದಿನ ಅವರ ನರ ಇನ್ನೂ ಸೆಟೀತಾವ. ಇವತ್ತ ಶುರು ಮಾಡಿದ್ರ ಹೊಸ ಚಳಕ ಕಲೀಬಹುದು."

ಅವರ ಉತ್ತರಕ್ಕೆ ಕಾಯದೆ ಅವಳು ಹೊರಗೆ ನಡೆದಳು. ಸಭಾಂಗಣದಲ್ಲಿ ನಲವತ್ತು ಜನರನ್ನು ಒಂದು ಕಡೆ ಕರೆದಳು, ನಲವತ್ತೊಂದನೆಯವನಿಗೆ ಆಗಲೇ ಗೊತ್ತಿತ್ತು. ತಾಂತ್ರಿಕ ಮಾತು ಬಿಟ್ಟು ನೇರವಾಗಿ ಹೇಳಿದಳು. ನಿಮ್ಮ ಕೈಗಳ ನಕಲು ತೆಗೆದಿರಲಿಲ್ಲ. ತೆಗೆಯಬೇಡ ಎಂದು ಬರೆದವಳು ನಾನು. ಒಂದು ವಾರಕ್ಕೆ ಎಂದು ಬರೆದು ನಾಲ್ಕು ವರ್ಷ ಮರೆತೆ.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಒಬ್ಬ, ನವಲಗುಂದದ ಹೊಲಿಗೆಯವನು, ಸತ್ತುಬಿದ್ದ ಕೈಯನ್ನು ಎಡಗೈಯಿಂದ ಎತ್ತಿ ಅವಳ ಮುಖದ ಮುಂದೆ ಹಿಡಿದ.

"ಇದನ್ನ ನಾ ಮೂರು ವರ್ಷ ಕಲಿಸೇನವ್ವಾ. ಮೂರು ವರ್ಷ! ದಾರ ಪೋಣಿಸಾಕ ಒಂದ ವರ್ಷ ಹಿಡೀತು!"

ಅವಳು ಅಲ್ಲಿಂದ ಕದಲಲಿಲ್ಲ. ಉಳಿದವರೂ ಬೈದರು, ಕೆಲವರು ಅತ್ತರು. ಒಬ್ಬಳು ಮುದುಕಿ ಮಾತ್ರ, "ಹೋಗಲಿ ಬಿಡ್ರೋ, ಬಾಯಿ ಬಿಟ್ಟು ಹೇಳಿದಳಲ್ಲ," ಎಂದಳು. ಇಂದುಮತಿಗೆ ಬೈಗುಳಕ್ಕಿಂತ ಅದನ್ನು ತಡೆದುಕೊಳ್ಳುವುದೇ ಕಷ್ಟವಾಯಿತು.

*

ಸತ್ತವರ ಹತ್ತೊಂಬತ್ತು ಚಳಕಗಳನ್ನು ಬೇಕಾದವರಿಗೆ ಹಾಕಿ ನೋಡಬಹುದೆಂದು ಝರೀನಾ ಸೂಚಿಸಿದಳು. ಬರಿಗೈಗಿಂತ ಮೇಲಲ್ಲವೇ? ಹತ್ತೊಂಬತ್ತು ಮನೆಯವರನ್ನೂ ಕೇಳಿ ಒಪ್ಪಿಗೆ ಪಡೆದು, ಕೆಲವರು ತೆಗೆದುಕೊಂಡರು. ಕಲ್ಮೇಶನೂ ಒಂದನ್ನು ತೊಟ್ಟುಕೊಂಡು ಮನೆಗೆ ಬಂದ. ಅಂಗಿಯ ಐದೂ ಗುಂಡಿ ಹಾಕಿದ, ಬಿಚ್ಚಿದ, ಮತ್ತೆ ಹಾಕಿದ. ಚಕಚಕನೆ ನಡೆಯುವ ಚುರುಕು ಕೈ. ಅನ್ನ ಕಲಸಿ ಉಂಡ. ಊಟವಾದ ಮೇಲೆ, ಐದು ದಿನದ ಮುನಿಸು ಕರಗಿತೋ ಏನೋ, ಅವಳ ಹಣೆಯ ಮೇಲೆ ಬಿದ್ದಿದ್ದ ಕೂದಲನ್ನು ಸರಿಸಲು ಕೈ ಚಾಚಿದ. ಕೈ ಕೂದಲನ್ನು ಸರಿಸಿ, ಮೂರೆಳೆ ಮಾಡಿ, ಹೆಣೆಯತೊಡಗಿತು.

ಇಂದುಮತಿ ಬೆಚ್ಚಿ ಹಿಂದೆ ಸರಿದಳು. ಅವನೂ ಕೈ ಎಳೆದುಕೊಂಡ. ಇಬ್ಬರೂ ಒಂದು ಕ್ಷಣ ಆ ಕೈಯನ್ನು, ಮನೆಗೆ ಬಂದ ಅಪರಿಚಿತ ಹೆಂಗಸನ್ನು ನೋಡುವಂತೆ ನೋಡಿದರು.

"ಯಾರವ್ವನೋ ಪಾಪ," ಎಂದ ಕಲ್ಮೇಶ. "ಮಗಳಿಗೆ ದಿನಾ ಹೆರಳು ಹಾಕ್ತಿದ್ಳೇನೋ." ಕೈಗವಸನ್ನು ಕಳಚಿ, ಮೆಲ್ಲಗೆ ಮಡಚಿ ಮೇಜಿನ ಮೇಲಿಟ್ಟ. "ಇದು ನನಗ ಬ್ಯಾಡ. ಅವರ ಮನಿಯವರನ್ನ ಹುಡುಕಿ ಕೊಡು. ನನಗ ಖಾಲಿದು ಹಾಕು. ಮತ್ತ ಮೊದಲಿಂದ ಕಲೀತೀನಿ."

"ನಾಕು ವರ್ಷ ಹಿಡೀತೈತ್ರಿ."

"ಗೊತ್ತೈತಿ. ನಿನ್ನ ಮ್ಯಾಲಿನ ಸಿಟ್ಟೂ ಅಷ್ಟು ದಿನ ಇರ್ತೈತಿ, ತಿಳಕೋ."

ಒಂದು ತಿಂಗಳ ಮೇಲೆ ಸರಕಾರದ ಲಕೋಟೆ ಬಂತು. ಒಳಗೆ ಎರಡು ಆದೇಶಗಳಿದ್ದವು. ಮೊದಲನೆಯದು ಕರ್ತವ್ಯಲೋಪಕ್ಕಾಗಿ ಇಂದುಮತಿಗೆ ಛೀಮಾರಿ. ಎರಡನೆಯದು, ಬೇರೆ ಸಿಬ್ಬಂದಿ ಲಭ್ಯವಿಲ್ಲದ ಕಾರಣ ಮುಂದಿನ ಆದೇಶದವರೆಗೆ ಸರ್ವರುಗಳ ಪೂರ್ಣ ಹೊಣೆ ಅವಳದೇ. ಹೆಚ್ಚುವರಿ ಯಂತ್ರದ ಬೇಡಿಕೆಯನ್ನು 'ಪರಿಶೀಲಿಸಲಾಗುವುದು' ಎಂದಿತ್ತು. ಅವಳು ಎರಡನ್ನೂ ಓದಿ, ನಗಬೇಕೋ ಅಳಬೇಕೋ ತಿಳಿಯದೆ, ಸ್ವಾಗತಕಾರಿಣಿಯ ಮೇಜಿನಡಿ ಧೂಳು ತಿನ್ನುತ್ತಿದ್ದ ಹಳೆಯ ಕಂಪ್ಯೂಟರನ್ನು ಹೊತ್ತುಕೊಂಡು ಸರ್ವರು ಕೋಣೆಗೆ ಹೋದಳು. ಅದಕ್ಕೆ ಲಿನಕ್ಸ್ ಹಾಕಿದಳು. ಅಂದಿನಿಂದ ಪ್ರತಿ ಶನಿವಾರ, ಟೇಪಿನಿಂದ ಹತ್ತು ಚಳಕಗಳನ್ನು ಹೆಕ್ಕಿ, ಅದರ ಮೇಲೆ ಮರಳಿ ಹಾಕಿ, ಕೈಗವಸಿಗೆ ಕಳಿಸಿ, ಒಡೆಯರನ್ನೇ ಕರೆದು ತೊಡಿಸಿ ನೋಡುತ್ತಿದ್ದಳು. ಹಸಿರು ಟಿಕ್ಕಿನ ಮಿಂಚಂಚೆಯನ್ನು ನಿಲ್ಲಿಸಿಬಿಟ್ಟಳು. ಅದು ಬರಲಿಲ್ಲವೆಂದು ಗಲಗಲಿಯವರು ಮೂರು ಸಲ ದೂರಿದರು.

ಮೂರನೆಯ ಶನಿವಾರ ಕಲ್ಮೇಶನ ಸರದಿ. ಅವನ ಹೊಸ ಚಳಕಕ್ಕೆ ಏಳು ವಾರ. ಮರಳಿ ಬಂದ ಕಡತ ಹಾಕಿದ ಕೈಗವಸನ್ನು ತೊಟ್ಟು, ಅವನು ಸಭಾಂಗಣದ ಗೋಡೆಗೆ ಒರಗಿಸಿದ್ದ ಕಪ್ಪು ಹಲಗೆಯ ಮೇಲೆ ಸುಣ್ಣದ ಕುಂಚದಿಂದ ಒಂದು ಗೆರೆ ಎಳೆದ. ಗೆರೆ ನಡುವಿನಲ್ಲಿ ಕೆಳಗೆ ಜಗ್ಗಿ, ಕೊನೆಗೆ ಹುಚ್ಚು ಹಿಡಿದಂತೆ ಮೇಲಕ್ಕೆ ಹಾರಿತು. ಎರಡನೆಯದು ಅದಕ್ಕಿಂತ ಕೆಟ್ಟದಾಯಿತು. ಅವನು ಕುಂಚವನ್ನು ಡಬ್ಬಿಗೆ ಒಗೆದ. ಸುಣ್ಣ ಇಬ್ಬರ ಮೇಲೂ ಸಿಡಿಯಿತು.

"ಏಳು ವಾರದಾಗ ಇಷ್ಟ! ಅಳಿಸಿ ಒಗೀ ಇದನ್ನ. ಮತ್ತ ಹೊಸದು ಶುರು ಮಾಡ್ತೀನಿ."

"ಅಳಸೂದಿಲ್ಲ," ಎಂದಳು ಇಂದುಮತಿ, ಪರದೆಯಿಂದ ಕಣ್ಣು ತೆಗೆಯದೆ.

"ಯಾಕ? ಕೆಟ್ಟದ್ದನ್ನ ಕಾಯ್ದಿಟ್ಟು ಏನ್ ಮಾಡ್ತೀ?"

"ಕೆಟ್ಟದ್ದೋ ಚಲೋದೋ ನೀವು ಹೇಳ್ರಿ. ನಿಮ್ಮದು ಹೌದೋ ಅಲ್ಲೋ, ಅದನ್ನಷ್ಟ ನನಗ ಹೇಳ್ರಿ. ಪಟ್ಟಿ ತುಂಬಬೇಕು."

ಕಲ್ಮೇಶ ಸಭಾಂಗಣದ ಆ ತುದಿಯವರೆಗೆ ಹಿಂದೆ ಹಿಂದೆ ನಡೆದು, ಗೋಡೆಗೆ ಬೆನ್ನು ತಾಗುವವರೆಗೂ ಹೋಗಿ ನಿಂತ. ಕಣ್ಣು ಕಿರಿದು ಮಾಡಿ ಆ ಎರಡು ಸೊಟ್ಟ ಗೆರೆಗಳನ್ನು ನೋಡಿದ.

"ನಂದ ಐತಿ," ಎಂದ ಕೊನೆಗೆ, ಬೈದ ಹಾಗೆ.

ಇಂದುಮತಿ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಗುರುತು ಹಾಕಿ, ಮುಂದಿನವರನ್ನು ಕರೆದಳು.